ಈಜುಕೊಳದ ಹಟಮಾರಿ ಕಲೆಗೆ ಯಾವ ಮದ್ದು: ನಿಂಬೆಹುಳಿಯೋ, ಹುಣಸೆಹುಳಿಯೋ, ಬ್ಲೀಚಿಂಗ್ ಪುಡಿಯೋ?

ಕಳೆದ ನವೆಂಬರಿನ ಒಂದು ಬೆಳಗ್ಗೆ ಆಲ್ಡೋನಾದ ನಮ್ಮ ಬೀದಿಯ ಮಾಸ್ತರರು ಗೇಟಿನ ಬಳಿ ನಿಂತು ಮೊಬೈಲನ್ನು ನನ್ನ ಮುಂದೆ ಹಿಡಿದರು. ಧಾರವಾಡದಲ್ಲಿ ನಿವೃತ್ತರಾಗಿ ಮಗ ಗೋವಾದಲ್ಲಿ ಕಟ್ಟಿಸಿದ ಮನೆಗೆ ಬಂದು ನೆಲೆಸಿದವರು. ಚಿತ್ರದಲ್ಲಿ ಅವರ ಈಜುಕೊಳದ ಮೆಟ್ಟಿಲುಗಳಿದ್ದವು. ತಿಳಿನೀಲಿ ಟೈಲ್ಸಿನ ಮೇಲೆ ಯಾರೋ ಚಹಾ ಚೆಲ್ಲಿ ಒರೆಸದೆ ಬಿಟ್ಟಂತೆ ಕಂದು ಪಟ್ಟೆ.

"ಮೂರು ವಾರದಿಂದ ಕ್ಲೋರಿನ್ ಹಾಕಿಸುತ್ತಿದ್ದೇನೆ. ಹಾಕಿದಷ್ಟೂ ಕಲೆ ಗಾಢವಾಗುತ್ತಿದೆ. ಕ್ಲೋರಿನ್ನೇ ಕಲಬೆರಕೆಯದೋ ಏನೋ."

"ಮಾಸ್ತರರೇ, ನಿಮ್ಮ ಪಂಚೆಗೆ ತುಕ್ಕು ಹತ್ತಿದರೆ ಅಕ್ಕೋರು ಏನು ಹಚ್ಚುತ್ತಾರೆ?"

"ನಿಂಬೆಹಣ್ಣು, ಉಪ್ಪು. ಆಮೇಲೆ ಬಿಸಿಲಿಗೆ ಹಾಕುತ್ತಾಳೆ."

"ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿದರೆ?"

ಅವರು ಉತ್ತರಿಸುವ ಮೊದಲೇ ನಕ್ಕರು. ತುಕ್ಕು ಹತ್ತಿದ ಬಟ್ಟೆಯನ್ನು ಬ್ಲೀಚಿಂಗ್ ಪುಡಿಗೆ ಹಾಕಿದರೆ ಕಲೆ ಜನ್ಮಕ್ಕೂ ಹೋಗುವುದಿಲ್ಲವೆಂಬುದು ಬಟ್ಟೆ ಒಗೆಯುವ ಯಾರಿಗೂ ಗೊತ್ತು. ಅದೇ ಜನ ಕೊಳದ ಮುಂದೆ ನಿಂತಾಗ ಅದನ್ನು ಮರೆಯುತ್ತಾರೆ.

ಕೊಳದ ಕಲೆಗಳನ್ನು ನಾನು ಮನೆಯ ಲೆಕ್ಕದಲ್ಲೇ ನೋಡುತ್ತೇನೆ. ಪಂಚೆಯ ತುಕ್ಕಿಗೆ ನಿಂಬೆ, ತಾಮ್ರದ ಹಂಡೆಯ ಕಿಲುಬಿಗೆ ಹುಣಸೆ, ಎಲೆ ಕಾಯಿಗಳ ಕರೆಗೆ ಬ್ಲೀಚಿಂಗ್ ಪುಡಿ. ಅಂಗಡಿಯಲ್ಲಿ ಬೇರೆ ಬೇರೆ ಬಣ್ಣದ ಡಬ್ಬಿಗಳಲ್ಲಿ ಬರುವ ಕಲೆ ತೆಗೆಯುವ ಔಷಧಿಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದರ ಬಳಗಕ್ಕೆ ಸೇರಿದವು. ಯಾವ ಡಬ್ಬಿ ಕೊಳ್ಳಬೇಕೆಂಬ ಪ್ರಶ್ನೆ ಆಮೇಲಿನದು; ಕಲೆ ಯಾವುದರದೆಂಬುದು ಮೊದಲಿನದು.

ಮೊದಲು ಪತ್ತೆ

ಬಣ್ಣವೊಂದನ್ನೇ ನಂಬಬೇಡಿ. ಹಲಸಿನ ಎಲೆ ಕೊಳೆತು ಬಿಟ್ಟ ಕಲೆಯೂ ಕಂದು, ಕಬ್ಬಿಣದ್ದೂ ಕಂದು. ಆಕಾರ ಹೆಚ್ಚು ಮಾತಾಡುತ್ತದೆ. ಎಲೆಯ ಅಂಚು, ನರ, ತೊಟ್ಟು ಕಾಣುವಂತಿದ್ದರೆ ಅದು ಎಲೆಯದೇ. ಅಂಚಿಲ್ಲದೆ ಮೆಟ್ಟಿಲು, ನೆಲ, ಗೋಡೆಗಳ ಮೇಲೆ ಹರಡಿಕೊಂಡಿದ್ದರೆ ನೀರಿನಲ್ಲಿ ಕರಗಿದ ಲೋಹ. ಒಂದೇ ಚುಕ್ಕೆ, ಸುತ್ತ ಕೆಂಪು ಪ್ರಭಾವಳಿ ಇದ್ದರೆ ಅಲ್ಲಿ ಯಾರದೋ ಕೂದಲಿನ ಪಿನ್ನು ಬಿದ್ದಿತ್ತು, ಅಥವಾ ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿಯುತ್ತಿದೆ. ನೀರಿನ ಮಟ್ಟದಲ್ಲಿ ಜಿಡ್ಡಿನ ಗೆರೆ ಇದ್ದರೆ ಮೈಗೆ ಹಚ್ಚಿಕೊಂಡ ಬಿಸಿಲಿನ ಕ್ರೀಮಿನದು. ಒದ್ದೆ ಬಟ್ಟೆಗೆ ಅಡುಗೆ ಸೋಡಾ ಹಾಕಿ ಉಜ್ಜಿದರೆ ಮುಗಿಯಿತು.

ಇಷ್ಟರ ಮೇಲೂ ಅನುಮಾನ ಉಳಿದರೆ ಮೂರು ಪರೀಕ್ಷೆಗಳಿವೆ. ಮೊದಲನೆಯದು ಔಷಧಿ ಅಂಗಡಿಯ ವಿಟಮಿನ್ ಸಿ ಮಾತ್ರೆ. ಕಿತ್ತಳೆ ಬಣ್ಣದ ಜಗಿಯುವ ಮಾತ್ರೆಯೂ ನಡೆಯುತ್ತದೆ, ಬಿಳಿಯದಾದರೆ ಗೊಂದಲ ಕಡಿಮೆ. ಕಲೆಯ ಮೇಲೆ ಒತ್ತಿ ಒಂದು ನಿಮಿಷ ಹಿಡಿಯಬೇಕು. ತಿಳಿಯಾದರೆ ಕಬ್ಬಿಣ. ಎರಡನೆಯದು ಹಳೆಯ ಕಾಲುಚೀಲದಲ್ಲಿ ಒಂದು ಹಿಡಿ ಹರಳು ಕ್ಲೋರಿನ್ ಕಟ್ಟಿ ಕಲೆಯ ಮೇಲಿಡುವುದು. ಅದಕ್ಕೆ ತಿಳಿಯಾದರೆ ಎಲೆ, ಹಣ್ಣು, ಪಾಚಿಯ ಕಲೆ. ಎರಡಕ್ಕೂ ಜಗ್ಗದಿದ್ದರೆ ಇನ್ನೊಂದು ಕಾಲುಚೀಲದಲ್ಲಿ ಪಿಎಚ್ ಇಳಿಸುವ ಪುಡಿ, ಅಂದರೆ ಸೋಡಿಯಂ ಬೈಸಲ್ಫೇಟ್. ಅದಕ್ಕೆ ಬಗ್ಗಿದರೆ ತಾಮ್ರ ಅಥವಾ ಸುಣ್ಣದ ಪದರ. "ಇನ್ನೊಂದು ಕಾಲುಚೀಲ" ಎಂದದ್ದು ಸುಮ್ಮನೆ ಅಲ್ಲ. ಕ್ಲೋರಿನ್ ಇದ್ದ ಚೀಲಕ್ಕೆ ಆಮ್ಲ ಬಿದ್ದರೆ ವಿಷಾನಿಲ ಏಳುತ್ತದೆ. ಬಕೆಟ್ಟು, ಚಮಚಗಳೂ ಬೇರೆಯೇ ಇರಲಿ.

ಮಾಸ್ತರರ ಮನೆಯಲ್ಲಿ ಮೊದಲನೆಯದರಲ್ಲೇ ಕೆಲಸವಾಯಿತು. ಅವರು ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ ದಂಡೆಯ ಮೇಲೆ ಕುಳಿತರು. ನಾನು ಎರಡನೆಯ ಮೆಟ್ಟಿಲಿನ ಮೇಲೆ ಮಾತ್ರೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ನೀರು ತಣ್ಣಗಿತ್ತು. ಮಾತ್ರೆಯ ಅಂಚು ಕರಗಿ ಬೆರಳಿಗೆ ಹಿಟ್ಟಿನಂತೆ ತಾಗತೊಡಗಿತು. ಕೈ ತೆಗೆದಾಗ ಕಂದು ಬಣ್ಣದ ನಡುವೆ ಒಂದು ರೂಪಾಯಿ ನಾಣ್ಯದಷ್ಟು ತಿಳಿನೀಲಿ ಟೈಲು ಹೊಳೆಯುತ್ತಿತ್ತು. ಮಾಸ್ತರರು ಕಾಲಿನ ಹೆಬ್ಬೆರಳಿನಿಂದ ಅದನ್ನು ಮುಟ್ಟಿ ನೋಡಿದರು. ಆಮೇಲೆ ಇನ್ನೊಂದು ಮಾತ್ರೆ ಕೇಳಿ ಪಡೆದು ಮೂರನೆಯ ಮೆಟ್ಟಿಲಿಗೆ ತಾವೇ ಒತ್ತಿದರು.

ಕಬ್ಬಿಣ ಎಲ್ಲಿಂದ ಬಂತು

ಗೋವಾದಲ್ಲಿ ಈ ಪ್ರಶ್ನೆಗೆ ಅಂಗಳದ ಮಣ್ಣನ್ನು ತೋರಿಸಿದರೆ ಸಾಕು. ನಮ್ಮ ಕುಮಟೆ ಕಡೆಯಂತೆ ಇಲ್ಲಿಯದೂ ಚಿರೆಕಲ್ಲಿನ ನೆಲ; ಆ ಕಲ್ಲಿನ ಕೆಂಪೇ ಕಬ್ಬಿಣದ ಆಕ್ಸೈಡು. ಡಿಚೋಲಿ, ಸತ್ತರಿ, ಸಾಂಗೆ ತಾಲೂಕುಗಳಲ್ಲಿ ಅಗೆದು ಹಡಗಿಗೆ ತುಂಬಿದ್ದು ಇದರದೇ ಅದಿರು. ಗಣಿಗಳು 2012ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ನಿಂತವು. ಬಾವಿಯ ನೀರಿಗೆ ಇಳಿಯುವ ಕಬ್ಬಿಣಕ್ಕೆ ಯಾವ ನ್ಯಾಯಾಲಯವೂ ತಡೆ ಹಾಕಲಾರದು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯುವ ನಾಡು. ನೀರು ಮಣ್ಣಿನಲ್ಲಿ ಇಳಿಯುತ್ತಾ ಗಾಳಿಯಾಡದ ಕಡೆ ಕಬ್ಬಿಣವನ್ನು ಕರಗಿಸಿಕೊಳ್ಳುತ್ತದೆ. ಬಾವಿಯಿಂದ ಎತ್ತಿದಾಗ ಸ್ಫಟಿಕದಂತೆ ತಿಳಿ. ಕೊಳಕ್ಕೆ ಬಿದ್ದು ಕ್ಲೋರಿನ್ ತಾಗಿದೊಡನೆ ಆ ಕಬ್ಬಿಣ ಕರಗದ ರೂಪಕ್ಕೆ ತಿರುಗಿ ಟೈಲ್ಸು, ಅವುಗಳ ಸಂದು ತುಂಬುವ ಗ್ರೌಟುಗಳ ಮೇಲೆ ಕೂರುತ್ತದೆ. ಮಾಸ್ತರರು ಮೂರು ವಾರ ದುಡ್ಡು ಕೊಟ್ಟು ಮಾಡಿಸಿದ್ದು ಇದನ್ನೇ.

ನೀರಿನ ಕಬ್ಬಿಣ ಲೀಟರಿಗೆ 0.3 ಮಿ.ಗ್ರಾಂ ಮೀರಿದರೆ ಒಗೆದ ಬಟ್ಟೆಗೇ ಕಲೆ ಹತ್ತತೊಡಗುತ್ತದೆ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳದ ಕೊಳವೆಂದರೆ ಸುಮಾರು 41,600 ಲೀಟರು. ನೀರಿನಲ್ಲಿ ಲೀಟರಿಗೆ ಒಂದೇ ಒಂದು ಮಿ.ಗ್ರಾಂ ಕಬ್ಬಿಣವಿದ್ದರೂ ಒಮ್ಮೆ ತುಂಬಿಸುವಷ್ಟರಲ್ಲಿ 40 ಗ್ರಾಂ ಕಬ್ಬಿಣವನ್ನು ಕೊಳಕ್ಕೆ ಸುರಿದಂತಾಯಿತು.

ನಮ್ಮೆರಡೂ ಮನೆಗಳ ಕೊಳ ತೊಳೆಯಲು ಬರುವ ಬಾಗಲಕೋಟೆ ಕಡೆಯ ಹುಡುಗ ಇದನ್ನು ನನಗಿಂತ ಮೊದಲೇ ಗಮನಿಸಿದ್ದ. "ಸರ್, ಬಾವಿಯ ಪೈಪು ಬೀಳುವ ಮೂಲೆಯಲ್ಲೇ ಕಲೆ ಜಾಸ್ತಿ" ಎಂದಿದ್ದ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಬಾವಿಯನ್ನು ಪರೀಕ್ಷಿಸಲು ಬಿಳಿ ಬಕೆಟ್ಟು ಸಾಕು. ನೀರು ತುಂಬಿ, ಚಿಟಿಕೆ ಕ್ಲೋರಿನ್ ಹಾಕಿ ಕಲಕಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ನೀರು ಹಳದಿ ಮಿಶ್ರಿತ ಕಂದಾಗಿ ತಳದಲ್ಲಿ ಗಸಿ ಕೂತಿದ್ದರೆ ಕಬ್ಬಿಣ. ಕಪ್ಪಿಗೆ, ನೇರಳೆಗೆ ತಿರುಗಿದರೆ ಮ್ಯಾಂಗನೀಸ್. ದಕ್ಷಿಣ ಗೋವಾದ ರಿವೋಣ ಕಡೆ ಅದರ ಅದಿರೂ ಉಂಟು.

ಕಬ್ಬಿಣದ ಕಲೆಗೆ ಮೂರು ಹುಳಿಗಳು

ಆಯ್ಕೆ ನಿಜಕ್ಕೂ ಕಷ್ಟವಾಗುವುದು ಇಲ್ಲಿ. ಆಸ್ಕಾರ್ಬಿಕ್ ಆಮ್ಲ, ಸಿಟ್ರಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಮೂರೂ ತುಕ್ಕನ್ನು ಬಿಡಿಸುತ್ತವೆ, ಮೂರೂ ಬಿಳಿ ಪುಡಿಗಳು, ಬೆಲೆ ಮಾತ್ರ ಬೇರೆ ಬೇರೆ.

ನೀರು ತುಂಬಿದ ಕೊಳಕ್ಕೆ ನನ್ನ ಮತ ಆಸ್ಕಾರ್ಬಿಕ್ ಆಮ್ಲಕ್ಕೆ, ಅಂದರೆ ಪುಡಿರೂಪದ ವಿಟಮಿನ್ ಸಿಗೆ. ಮೂರರಲ್ಲಿ ದುಬಾರಿ ಇದೇ, ಆದರೆ ಬೇಗ ಕೆಲಸ ಮಾಡುತ್ತದೆ, ಚರ್ಮಕ್ಕೂ ಗ್ರೌಟಿಗೂ ಸೌಮ್ಯ. 1,000 ಲೀಟರಿಗೆ ಸುಮಾರು 6 ಗ್ರಾಂ ಲೆಕ್ಕದಲ್ಲಿ ಮೇಲಿನ ಅಳತೆಯ ಕೊಳಕ್ಕೆ 250 ಗ್ರಾಂ. ಕಲೆ ಹಳೆಯದಾದರೆ ಇದರ ಎರಡರಷ್ಟು. ಮೂರು ನಾಲ್ಕು ದಿನ ಕ್ಲೋರಿನ್ ಹಾಕದೆ ಬಿಟ್ಟು ಅದರ ಮಟ್ಟ ಸೊನ್ನೆಯ ಹತ್ತಿರ ಬಂದ ಮೇಲೆಯೇ ಹಾಕಬೇಕು, ಏಕೆಂದರೆ ಕ್ಲೋರಿನ್ನೂ ವಿಟಮಿನ್ ಸಿಯೂ ಒಂದನ್ನೊಂದು ತಿಂದುಹಾಕುತ್ತವೆ. ನೀರಿನಲ್ಲಿ ಕ್ಲೋರಿನ್ ಇದ್ದಾಗ ಹಾಕಿದ ಪುಡಿ ಕಲೆಯನ್ನು ಮುಟ್ಟುವ ಮೊದಲೇ ವ್ಯರ್ಥ. ಪಿಎಚ್ 7.2ರ ಆಸುಪಾಸಿಗೆ ಇಳಿಸಿ, ತಾಮ್ರವಿಲ್ಲದ ಪಾಚಿನಾಶಕ ಹಾಕಿ, ಆಮೇಲೆ ಪುಡಿಯನ್ನು ಕಲೆಯ ಮೇಲೆ ಬೀಳುವಂತೆ ಉದುರಿಸಿ ಪಂಪು ಓಡಿಸಬೇಕು.

ಸಿಟ್ರಿಕ್ ಆಮ್ಲ ಅಗ್ಗ, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಹೆಚ್ಚು ಹಾಕಬೇಕು, ಪಿಎಚ್ ಹೆಚ್ಚು ಇಳಿಯುತ್ತದೆ, ಆಮೇಲೆ ಕ್ಲೋರಿನ್ ಮಟ್ಟ ಹಿಡಿದು ನಿಲ್ಲಿಸಲು ಹೆಚ್ಚು ದಿನ ಹೆಣಗಬೇಕು. ಉಳಿಸಿದ ದುಡ್ಡು ಕ್ಲೋರಿನ್ನಿಗೆ ಹೋಗುತ್ತದೆ. ಕಲೆ ಒಂದೆರಡು ಮೆಟ್ಟಿಲಿಗೆ ಮಾತ್ರ ಇದ್ದರೆ, ಕಾಲುಚೀಲದಲ್ಲಿ ಕಟ್ಟಿ ಅಲ್ಲಷ್ಟೇ ಉಜ್ಜಲು ಇದೇ ಒಳ್ಳೆಯದು.

ಆಕ್ಸಾಲಿಕ್ ಆಮ್ಲವನ್ನು ಅಮೃತಶಿಲೆ ಪಾಲಿಷ್ ಮಾಡುವವರು ಬಳಸುತ್ತಾರೆ. ಪರಿಚಯದ ಗಾರೆ ಕೆಲಸದವರು ಮೊದಲು ಹೇಳುವ ಮದ್ದು ಇದೇ. ತುಕ್ಕಿನ ಮೇಲೆ ಇದರ ಪ್ರತಾಪ ಸುಳ್ಳಲ್ಲ. ಆದರೆ ಹೊಟ್ಟೆಗೆ ಹೋದರೆ ಮೂತ್ರಪಿಂಡಕ್ಕೆ ವಿಷ, ಧೂಳು ಮೂಗಿಗೆ ಉರಿ. ತುಂಬಿದ ಕೊಳಕ್ಕೆ ಹಾಕಿದರೆ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಮೋಡವಾಗಿ ನಿಲ್ಲುತ್ತದೆ. ಖಾಲಿ ಕೊಳದಲ್ಲಿ, ಕೈಗವಸು, ಮುಖಗವಸು ಹಾಕಿಕೊಂಡು, ಚುಕ್ಕೆಗಳಿಗೆ ಮಾತ್ರ ಹಚ್ಚಿ ಚೆನ್ನಾಗಿ ತೊಳೆಯುವುದಾದರೆ ಸರಿ. ಮೊಮ್ಮಕ್ಕಳು ಈಜುವ ನೀರಿಗೆ ನಾನಂತೂ ಹಾಕುವುದಿಲ್ಲ.

ಯಾವ ಹುಳಿಯಾದರೂ ಒಂದು ಮಾತು ಸಮಾನ: ಕಬ್ಬಿಣ ಕೊಳ ಬಿಟ್ಟು ಹೋಗಿರುವುದಿಲ್ಲ. ಗೋಡೆಯಿಂದ ಇಳಿದು ನೀರಿಗೆ ಸೇರಿರುತ್ತದೆ, ಅಷ್ಟೇ. ಅದೇ ದಿನ ಲೋಹವನ್ನು ನೀರಿನಲ್ಲೇ ಕಟ್ಟಿಹಾಕುವ ದ್ರಾವಣ ಹಾಕಬೇಕು. ಅಂಗಡಿಯಲ್ಲಿ ಸೀಕ್ವೆಸ್ಟ್ರೆಂಟ್ ಎಂದು ಕೇಳಿ, ಡಬ್ಬಿಯ ಮೇಲೆ ಎಚ್‌ಇಡಿಪಿ ಎಂದಿದ್ದರೆ ತೆಗೆದುಕೊಳ್ಳಿ. ಅದೂ ಕ್ಲೋರಿನ್ನಿಗೆ ನಿಧಾನವಾಗಿ ಸವೆಯುತ್ತದೆ, ಆದ್ದರಿಂದ ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಹಾಕುತ್ತಿರಬೇಕು. ಕ್ಲೋರಿನ್ನನ್ನು ಒಂದು ವಾರದ ಅವಧಿಯಲ್ಲಿ ಮೆಲ್ಲಗೆ ಏರಿಸಬೇಕು. ಹೆಚ್ಚಿನವರು ಎಡವುವುದು ಈ ವಾರದಲ್ಲೇ. ಮಾಸ್ತರರ ಕೊಳ ಎರಡು ಗಂಟೆಯಲ್ಲಿ ಬೆಳ್ಳಗಾಯಿತು, ಅದೇ ರಾತ್ರಿ ಒಂಬತ್ತಕ್ಕೆ ಫೋನು ಬಂತು, "ಈಗ ಒಂದು ಕಿಲೋ ಕ್ಲೋರಿನ್ ಹಾಕಿಬಿಡಲೇ?" ಹಾಕಿದ್ದರೆ ಬೆಳಗ್ಗೆ ಹಳೆಯ ಚಹಾ ಕಲೆಯೇ ಸ್ವಾಗತಿಸುತ್ತಿತ್ತು.

ಈ ಕೆಲಸಕ್ಕೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಮಳೆಗಾಲದ ಸೆಖೆಯಲ್ಲಿ ನಾಲ್ಕು ದಿನ ಕ್ಲೋರಿನ್ ಇಲ್ಲದೆ ಬಿಟ್ಟರೆ ಕಲೆ ಹೋಗುವ ಮೊದಲು ಕೊಳವೇ ಹಸಿರು ಕೆರೆಯಾಗುತ್ತದೆ.

ತಾಮ್ರ: ತೋಟದ ಮದ್ದು ಕೊಳಕ್ಕೆ ಬಂದಾಗ

ತೆಳು ಹಸಿರುನೀಲಿ ಅಥವಾ ಬೂದುಗಪ್ಪು ಕಲೆ, ಬಿಳಿಗೂದಲಿಗೆ ಹಸಿರು ಛಾಯೆ ಕಂಡರೆ ತಾಮ್ರವನ್ನು ಶಂಕಿಸಿ. ಅಡಿಕೆ ತೋಟ ಕಂಡವರಿಗೆ ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಪರಿಚಯಿಸಬೇಕಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ನೀಲಿ ಅದೇ. ಕೊಳದ ಪಾಚಿಗೂ ಅದನ್ನೇ ಹಾಕುವ ರೂಢಿ ಇದೆ. ಅಗ್ಗ, ಪಾಚಿಯೂ ಸಾಯುತ್ತದೆ. ಆದರೆ ತಾಮ್ರ ಆವಿಯಾಗುವುದಿಲ್ಲ, ತಿಂಗಳಿಂದ ತಿಂಗಳಿಗೆ ಕೂಡುತ್ತಾ ಹೋಗಿ, ಪಿಎಚ್ ಏರಿದ ದಿನ ಗೋಡೆಗೆ ಅಂಟುತ್ತದೆ.

ಇಲ್ಲಿ ಸಿಟ್ರಿಕ್ ಆಮ್ಲವೇ ಮೇಲು, ಹುಣಸೆಹುಳಿಗೆ ಹಂಡೆ ಬೆಳಗಿದಂತೆ. ಹಟಮಾರಿ ಚುಕ್ಕೆಗಳಿಗೆ ಕಾಲುಚೀಲದಲ್ಲಿ ಬೈಸಲ್ಫೇಟ್. ಆಮೇಲೆ ಅದೇ ಸೀಕ್ವೆಸ್ಟ್ರೆಂಟ್, ಸಾಧ್ಯವಾದರೆ ಕಾಲುಭಾಗ ನೀರಿನ ಬದಲಾವಣೆ. ಮೈಲುತುತ್ತ ನಿಲ್ಲಿಸದೆ ಇದನ್ನೆಲ್ಲ ಮಾಡುವುದು ದಂಡ.

ಎಲೆ, ಹಣ್ಣು, ಪಾಚಿ

ಇದು ಸುಲಭದ ಪೈಕಿ. ಹಲಸು, ಮಾವು, ಗೇರು, ನೇರಳೆ ಯಾವುದೇ ಮರ ಕೊಳದ ಮೇಲೆ ಬಾಗಿದ್ದರೂ ಅದರ ಚೊಗರು ನೀರಿಗಿಳಿಯುತ್ತದೆ. ಇದಕ್ಕೆ ಮಾತ್ರ ಕ್ಲೋರಿನ್ ಸರಿಯಾದ ಮದ್ದು, ಹುಳಿಗಳು ನಿಷ್ಪ್ರಯೋಜಕ. ಹರಳಿನ ಕ್ಯಾಲ್ಸಿಯಂ ಹೈಪೋಕ್ಲೋರೈಟ್ 65 ಶೇಕಡಾದ್ದಾದರೆ ನಮ್ಮ ಅಳತೆಯ ಕೊಳಕ್ಕೆ ಸುಮಾರು 650 ಗ್ರಾಂ, ಬಕೆಟ್ಟಿನ ನೀರಿನಲ್ಲಿ ಕರಗಿಸಿ, ಸೂರ್ಯ ಮುಳುಗಿದ ಮೇಲೆ. ಬಿಸಿಲಿನಲ್ಲಿ ಹಾಕಿದ ಕ್ಲೋರಿನ್ನಿನ ಬಹುಪಾಲು ಸಂಜೆಯೊಳಗೆ ಬಿಸಿಲಿಗೇ ಹೋಗುತ್ತದೆ. ಮಾಮೂಲಿ ಬ್ಲೀಚಿಂಗ್ ಪುಡಿಯಾದರೆ ಎರಡರಷ್ಟು ಬೇಕು, ಸುಣ್ಣದ ಗಸಿಯೂ ಉಚಿತ. ಟಿಸಿಸಿಎ ಎಂಬ ಕ್ಲೋರಿನ್ ಗುಳಿಗೆಯನ್ನು ಕಲೆಯ ಮೇಲೆ ಇಟ್ಟು ಮಲಗಬೇಡಿ. ಅದು ಆಮ್ಲೀಯ, ಗ್ರೌಟನ್ನು ತಿನ್ನುತ್ತದೆ.

ಕಪ್ಪು ಚುಕ್ಕೆ ಕಂಡರೆ ಉಗುರಿನಿಂದ ಕೆರೆಯಿರಿ. ಲೋಳೆ ಬಂದರೆ ಅದು ಕಲೆಯಲ್ಲ, ಕಪ್ಪು ಪಾಚಿ. ಗ್ರೌಟಿನ ಸೂಕ್ಷ್ಮ ರಂಧ್ರಗಳಲ್ಲಿ ಬೇರೂರಿ, ಮೇಲೆ ರಕ್ಷಾಪದರ ಹೊದ್ದಿರುತ್ತದೆ. ಗಟ್ಟಿ ಬ್ರಷ್ಷಿನಿಂದ ಉಜ್ಜಿ ಆ ಪದರ ಹರಿಯದೆ ಎಷ್ಟು ಕ್ಲೋರಿನ್ ಸುರಿದರೂ ಮೇಲ್ಮೇಲೆ ಜಾರಿಹೋಗುತ್ತದೆ. ಉಜ್ಜು, ಹಾಕು, ಮರುದಿನ ಮತ್ತೆ ಉಜ್ಜು. ಇದಕ್ಕೆ ಅಡ್ಡದಾರಿ ಇಲ್ಲ.

ನೀರು ಖಾಲಿ ಮಾಡಿ ಆ್ಯಸಿಡ್ ತೊಳೆಸುವುದೇ?

ನಿರ್ವಹಣೆಯವರಿಗೆ ಪ್ರಿಯವಾದ ಆಯ್ಕೆ ಇದು, ನನಗೆ ಕೊನೆಯದು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಗಾಜಿನ ಮೊಸಾಯಿಕ್ ಜಗ್ಗುವುದಿಲ್ಲ, ನಡುವಿನ ಸಿಮೆಂಟ್ ಗ್ರೌಟು ನೊರೆಗಟ್ಟಿ ಕರಗುತ್ತದೆ. ಕಲೆ ಹೋದ ಸಂತೋಷ ಒಂದು ಋತು. ತರಿತರಿಯಾದ ಗ್ರೌಟಿಗೆ ಮುಂದಿನ ಕಲೆ ಇನ್ನೂ ಆಳವಾಗಿ ಕೂರುತ್ತದೆ. ನಮ್ಮ ಚಿರೆಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೃದು, ಸ್ವಲ್ಪ ಹುಳಿಯ ಕಡೆಗೆ. ಕ್ಯಾಲ್ಸಿಯಂ ಕಡಿಮೆಯಿರುವ ಅಂಥ ನೀರು ತನ್ನ ಹಸಿವನ್ನು ಗ್ರೌಟಿನಿಂದಲೇ ತೀರಿಸಿಕೊಳ್ಳುತ್ತದೆ. ಆ್ಯಸಿಡ್ಡಿನ ನೆರವು ಅದಕ್ಕೆ ಬೇಕಿಲ್ಲ. ಗಡಸುತನ ಲೀಟರಿಗೆ 200 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುವುದು ಒಳ್ಳೆಯದು.

ಋತುವಿನ ತೊಡಕೂ ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನೆಲದ ನೀರು ಮೇಲೆ ನಿಂತಿರುತ್ತದೆ. ಆಗ ಕೊಳ ಖಾಲಿ ಮಾಡಿದರೆ ಹೊರಗಿನ ನೀರಿನ ಒತ್ತಡಕ್ಕೆ ಇಡೀ ತೊಟ್ಟಿ ದೋಣಿಯಂತೆ ಮೇಲೇಳಬಹುದು, ಫೈಬರಿನ ಕೊಳವಾದರಂತೂ ಖಂಡಿತ ಆ ಸಾಹಸ ಬೇಡ. ಮೇ ತಿಂಗಳಲ್ಲಿ ನೆಲದ ನೀರು ಇಳಿದಿರುತ್ತದೆ, ಆದರೆ ಆಗ ತುಂಬಿಸಲು 10,000 ಲೀಟರಿನ ನಾಲ್ಕೈದು ಟ್ಯಾಂಕರುಗಳಿಗೆ ಸಾಲು ನಿಲ್ಲಬೇಕು. ಆ ಟ್ಯಾಂಕರು ತುಂಬಿಸಿಕೊಂಡು ಬರುವುದೂ ಯಾವುದೋ ಚಿರೆಕಲ್ಲಿನ ಬಾವಿಯಿಂದ! ದುಡ್ಡು ಕೊಟ್ಟು ಹೊಸ ಕಬ್ಬಿಣ ತರಿಸಿದ ಹಾಗೆ.

ತೊಳೆಸಲೇಬೇಕೆಂದರೆ ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕಲ್ಲ. ತೊಳೆದ ನೀರಿಗೆ ಸೋಡಾ ಆ್ಯಶ್ ಬೆರೆಸಿ ಹುಳಿ ಕಳೆದ ಮೇಲೆಯೇ ಹೊರಗೆ ಬಿಡಿ. ಆಲ್ಡೋನಾದಲ್ಲಿ ಚರಂಡಿ ಇಳಿದರೆ ಖಾಜನ್, ಅಂದರೆ ಒಡ್ಡು ಕಟ್ಟಿ ಉಪ್ಪುನೀರು ತಡೆದ ಗದ್ದೆ.

ಬಾವಿಗೆ ಮದ್ದು

ಹುಡುಗ ಹೇಳಿದ ಮೂಲೆಗೆ ನಾವು ಕೊನೆಗೆ ಬಂದೆವು. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂ.ಮೀ. ಆವಿಯಾದರೂ ಅಷ್ಟು ದೊಡ್ಡ ಕೊಳಕ್ಕೆ 160 ಲೀಟರು ತುಂಬಬೇಕು. ನೀರು ಆವಿಯಾಗುತ್ತದೆ, ಕಬ್ಬಿಣ ಉಳಿಯುತ್ತದೆ. ಆದ್ದರಿಂದ ಮಾಸ್ತರರ ಮನೆಯಲ್ಲಿ ಬಾವಿಯ ನೀರು ಈಗ ನೇರವಾಗಿ ಕೊಳಕ್ಕೆ ಹೋಗುವುದಿಲ್ಲ. ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿಗೆ ಹತ್ತಿಸಿ, ಸ್ವಲ್ಪ ಕ್ಲೋರಿನ್ ಹಾಕಿ ಒಂದು ರಾತ್ರಿ ಬಿಡುತ್ತಾರೆ. ಕಲೆಯನ್ನು ಗಾಢ ಮಾಡಿದ ಅದೇ ಕ್ಲೋರಿನ್ ಇಲ್ಲಿ ಕಬ್ಬಿಣವನ್ನು ಗಸಿಯಾಗಿಸುತ್ತದೆ. ಬೆಳಗ್ಗೆ ತಳದ ಗಸಿ ಕಲಕದಂತೆ ಮೇಲಿನ ನೀರನ್ನು ನೂಲಿನ ಫಿಲ್ಟರಿನ ಮೂಲಕ ಬಿಡುತ್ತಾರೆ. ಕ್ಲೋರಿನ್ ಹಾಕದೆ ಬರೀ ಫಿಲ್ಟರ್ ಕೂರಿಸಿದರೆ ಕರಗಿದ ಕಬ್ಬಿಣ ಅದರಲ್ಲಿ ನಿಲ್ಲುವುದಿಲ್ಲ. ಒಬ್ಬರು ಮಾರಾಟಗಾರರು ಅದನ್ನೇ ಮಾರಲು ಬಂದಿದ್ದರು. ಮಾಸ್ತರರ ಟ್ಯಾಂಕಿಗೆ ಬಿಳಿಯಾಗಿ ಕೂರಿಸಿದ ನೂಲಿನ ಫಿಲ್ಟರ್ ಮೂರು ವಾರಕ್ಕೆ ಇಟ್ಟಿಗೆಯ ಬಣ್ಣವಾಗಿತ್ತು.

ಒಂದು ಕಲೆ ಮಾತ್ರ ಉಳಿದಿದೆ. ದೀಪದ ಗೂಡಿನ ಕೆಳಗೆ ಚಿಕ್ಕ ಕಂದು ಚುಕ್ಕೆ. ವಿಟಮಿನ್ ಸಿಗೆ ಮಾಯವಾಗಿ ಇಪ್ಪತ್ತು ದಿನಕ್ಕೆ ಅದೇ ಜಾಗದಲ್ಲಿ ಮರಳಿ ಬಂತು. ಒಳಗಿನ ಸರಳಿಗೆ ನೀರು ತಾಗಿದೆ; ಇದಕ್ಕೆ ಯಾವ ಪುಡಿಯೂ ಇಲ್ಲ. ಟೈಲು ಕಿತ್ತು, ಕಾಂಕ್ರೀಟು ಕೆತ್ತಿ, ಸರಳಿನ ತುಕ್ಕು ತೆಗೆದು ಗಟ್ಟಿಯಾಗಿ ಮುಚ್ಚಬೇಕು, ಅದೂ ನೀರು ಇಳಿಸಿ. ಮಾಸ್ತರರು ಸದ್ಯಕ್ಕೆ ಹಳೆಯ ಹಾಜರಿ ಪುಸ್ತಕದಲ್ಲಿ ಅದರ ಅಳತೆ ಬರೆದಿಡುತ್ತಿದ್ದಾರೆ. ಜನವರಿಯಲ್ಲಿ ನಾಲ್ಕಾಣೆಯಷ್ಟು, ಮಾರ್ಚಿನಲ್ಲಿ ಎಂಟಾಣೆಯಷ್ಟು. ರೂಪಾಯಿಯಷ್ಟಾದ ದಿನ ಗಾರೆಯವರನ್ನು ಕರೆಯುವುದೆಂದು ನಮ್ಮಿಬ್ಬರ ಒಪ್ಪಂದ.